ಅಜಂತಾದ ಗೋಡೆ, ಬಾಂಬೆಯ ಹುಡುಗರು

ಒಂದನೇ ಗುಹೆಯ ಹೊಸ್ತಿಲು ದಾಟಿದ ಕೂಡಲೇ ಏನೂ ಕಾಣುವುದಿಲ್ಲ. ಕಣ್ಣಿನಿಂದ ಹೊರಗಿನ ಬಿಸಿಲು ಇಳಿಯಲು ಎರಡು ನಿಮಿಷ ಬೇಕು. ಆಮೇಲೆ ಗರ್ಭಗುಡಿಯ ಎಡಬದಿಯ ಗೋಡೆಯಲ್ಲಿ ಬೋಧಿಸತ್ವ ಪದ್ಮಪಾಣಿ ನಿಧಾನಕ್ಕೆ ಮೂಡುತ್ತಾನೆ: ಮೊದಲು ಕಿರೀಟ, ಆಮೇಲೆ ಬಿಲ್ಲಿನಂಥ ಹುಬ್ಬು, ಇಳಿಬಿಟ್ಟ ರೆಪ್ಪೆ, ಕೊನೆಗೆ ಬಲಗೈಯಲ್ಲಿ ಹಗುರಾಗಿ ಹಿಡಿದ ತಾವರೆ. ಅಷ್ಟರಲ್ಲಿ ಹಿಂದಿನವರು ತಳ್ಳತೊಡಗಿರುತ್ತಾರೆ.

ಇದೇ ಗೋಡೆಗಳ ಮುಂದೆ ಚಿತ್ರಕಲಾ ಶಾಲೆಯೊಂದರ ಹುಡುಗರು ವರ್ಷಗಟ್ಟಲೆ ಕೂತಿದ್ದರು. 1872ರಲ್ಲಿ ಬಾಂಬೆಯ ಜೆ.ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದ. ಖರ್ಚು ಸರ್ಕಾರದ್ದು, ಕೆಲಸ ಗೋಡೆಯ ಚಿತ್ರಗಳನ್ನು ಕ್ಯಾನ್ವಾಸಿಗೆ ಇಳಿಸುವುದು. ನಡುವೆ ನಿಂತು ಮತ್ತೆ ಶುರುವಾಗಿ ಅದು 1885ರವರೆಗೆ ಎಳೆಯಿತು. ಪೇಸ್ಟನ್‌ಜಿ ಬೊಮನ್‌ಜಿಯಂಥವರ ಕೈ ಪಳಗಿದ್ದು ಇಲ್ಲೇ. ಶಾಲೆಯಲ್ಲಿ ಗ್ರೀಕ್ ಶಿಲ್ಪಗಳ ಪ್ಲಾಸ್ಟರ್ ಅಚ್ಚು ನೋಡಿ ಗೆರೆ ಎಳೆಯುತ್ತಿದ್ದ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು ಎಂಬುದು ಗ್ರಿಫಿತ್ಸ್‌ನ ನಂಬಿಕೆ. ಆ ಮಾತಿನಲ್ಲಿ ನನಗೆ ತಕರಾರಿಲ್ಲ. ತಕರಾರು ಇರುವುದು ವಾರ್ನಿಷ್ ಬಗ್ಗೆ.

ಇಲ್ಲಿನ ಗೋಡೆಯನ್ನು ಹತ್ತಿರದಿಂದ ನೋಡಬೇಕು. ಉಳಿಯ ಗುರುತಿನ ಒರಟು ಬಂಡೆ, ಅದರ ಮೇಲೆ ಹೊಟ್ಟು, ನಾರು ಬೆರೆಸಿದ ಮಣ್ಣಿನ ಗಾರೆ, ಅದರ ಮೇಲೆ ತೆಳ್ಳನೆಯ ಸುಣ್ಣದ ಲೇಪ. ಅದು ಒಣಗಿದ ಮೇಲೆ ಅಂಟು ಕಲಸಿದ ಬಣ್ಣ. ನಮ್ಮ ಹಳ್ಳಿಮನೆಯ ಗೋಡೆಗೆ ಇದು ದೂರದ ನೆಂಟ. ಮುಟ್ಟಿದರೆ ಹಕ್ಕಳೆ ಏಳುವಂಥದ್ದು. ಮಸಿ ಹಿಡಿದ ಚಿತ್ರ ಸ್ಪಷ್ಟವಾಗಿ ಕಾಣಲೆಂದು ಅದಕ್ಕೆ ವಾರ್ನಿಷ್ ಬಳಿದರು. ಅಂದಿಗೆ ಬಣ್ಣ ಮಿಂಚಿತು, ಬರಬರುತ್ತ ಹಳದಿಗಟ್ಟಿತು, ಬಿರಿಯಿತು, ಕೆಲವು ಕಡೆ ಚಿತ್ರವನ್ನೂ ಕಿತ್ತುಕೊಂಡು ಬಂತು. 1920ರ ದಶಕದ ಆರಂಭದಲ್ಲಿ ಹೈದರಾಬಾದಿನ ನಿಜಾಮರು ಇಟಲಿಯಿಂದ ತಜ್ಞರನ್ನು ಕರೆಸಬೇಕಾಯಿತು. ಅವರೂ ಅರಗಿನ ಲೇಪ ಕೊಟ್ಟೇ ಹೋದರು!

ನಕಲುಗಳ ಪಾಡು ಇನ್ನೊಂದು ಕಥೆ. ಗ್ರಿಫಿತ್ಸ್‌ಗಿಂತ ಮೊದಲು, 1844ರಿಂದ, ರಾಬರ್ಟ್ ಗಿಲ್ ಎಂಬ ಸೈನ್ಯಾಧಿಕಾರಿ ವರ್ಷಾನುಗಟ್ಟಲೆ ಬರೆದ ಚಿತ್ರಗಳು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ 1866ರ ಬೆಂಕಿಗೆ ಬಹುಪಾಲು ಆಹುತಿಯಾದವು. ಬಾಂಬೆಯ ತಂಡ ಬರೆದದ್ದು ಸುಮಾರು 300. ಅದರಲ್ಲೂ ನೂರಕ್ಕೂ ಹೆಚ್ಚು 1885ರಲ್ಲಿ ಲಂಡನ್ನಿನ ಮ್ಯೂಸಿಯಮ್ಮಿನಲ್ಲೇ ಸುಟ್ಟವು, ಇಲ್ಲವೇ ಕೆಟ್ಟವು. ಉಳಿದವು ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಸಾವಿರದ ನಾನೂರು ವರ್ಷ ಕಾಡಿನ ನಡುವೆ ಬಾಳಿದ ಚಿತ್ರದ ನಕಲು ಊರಿನ ಭದ್ರ ಕಟ್ಟಡದಲ್ಲಿ ಬಾಳಲಿಲ್ಲ.

ಕನ್ನಡಿಗರಿಗೂ ಇಲ್ಲೊಂದು ಬಾಬ್ತು ಉಂಟು. 1909ರಿಂದ 1911ರ ನಡುವೆ ಇಂಗ್ಲಿಷ್ ಕಲಾವಿದೆ ಲೇಡಿ ಹೆರಿಂಗ್‌ಹ್ಯಾಮ್ ಮತ್ತೊಮ್ಮೆ ಪ್ರತಿ ತೆಗೆಸಿದಾಗ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಜೊತೆ ಕುಂಚ ಹಿಡಿದವರಲ್ಲಿ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಅವರಾಗ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಗ್ಯಾಲರಿಗೆ ಇರುವುದು ಅವರದೇ ಹೆಸರು.

ಸಂಭಾಜಿನಗರದಿಂದ ಅಜಂತಾ ಸುಮಾರು 100 ಕಿ.ಮೀ., ಜಳಗಾಂವ್‌ನಿಂದ ಇನ್ನೂ ಹತ್ತಿರ. ಸೋಮವಾರ ರಜೆ. ಸ್ವಂತ ಗಾಡಿಯನ್ನು ಫರ್ದಾಪುರದ ತಿರುವಿನಲ್ಲೇ ಬಿಟ್ಟು ಕೊನೆಯ ನಾಲ್ಕು ಕಿ.ಮೀ. ಬಸ್ಸಿನಲ್ಲಿ ಹೋಗಬೇಕು. ವಾಘೋರಾ ಹೊಳೆ ಕುದುರೆ ಲಾಳದ ಹಾಗೆ ಬಳಸಿ ಹರಿಯುವ ದಡದಲ್ಲಿ ಸುಮಾರು 30 ಗುಹೆಗಳಿವೆ. ಗುಂಪೆಲ್ಲ ಮೊದಲು ನುಗ್ಗುವುದು ಒಂದನೆಯದಕ್ಕೆ. ನೀವು ನೇರ ಹತ್ತನೆಯದಕ್ಕೆ ನಡೆಯಿರಿ. ಅಲ್ಲಿ 1819ರಲ್ಲಿ ಹುಲಿಬೇಟೆಗೆ ಬಂದ ಜಾನ್ ಸ್ಮಿತ್ ಎಂಬ ಅಧಿಕಾರಿ ತನ್ನ ಹೆಸರು, ತಾರೀಕು ಕೆರೆದ ಕಂಬವಿದೆ. ಬರಹ ನಮ್ಮ ತಲೆಗಿಂತ ಎತ್ತರದಲ್ಲಿದೆ. ಆಗ ಗುಹೆಯೊಳಗೆ ಮಣ್ಣು ಅಷ್ಟು ತುಂಬಿತ್ತು, ಅವನು ನಿಂತದ್ದು ಅದರ ಮೇಲೆ.