ಕೆಳಗೆ ಬಿದ್ದವರು ಯಾರು?

ಅಕ್ಷರ ಓದುವುದನ್ನು ಕಲಿತಿರಿ. ಚಿತ್ರವನ್ನೂ ಓದಬಹುದು, ಗೊತ್ತೇ? ಬನ್ನಿ, ಇವತ್ತು ಒಂದು ಯುದ್ಧದ ಚಿತ್ರ ಓದೋಣ.

ಕರ್ನಾಟಕದ ಮಂಡ್ಯ ಜಿಲ್ಲೆಯಲ್ಲಿ ಶ್ರೀರಂಗಪಟ್ಟಣ ಇದೆ. ಅಲ್ಲಿ ದರಿಯಾ ದೌಲತ್ ಎಂಬ ಅರಮನೆ ಇದೆ. ಟಿಪ್ಪು ಸುಲ್ತಾನನು ಅದನ್ನು 1784ರಲ್ಲಿ ಕಟ್ಟಿಸಿದನು. ಅದರ ಪಶ್ಚಿಮದ ಗೋಡೆಯ ಮೇಲೆ ದೊಡ್ಡ ಚಿತ್ರ ಬರೆದಿದ್ದಾರೆ. ಅದು ಪೊಲ್ಲಿಲೂರು ಯುದ್ಧದ ಚಿತ್ರ.

ಪೊಲ್ಲಿಲೂರು ತಮಿಳುನಾಡಿನ ಕಂಚಿ ಹತ್ತಿರದ ಊರು. 1780ರ ಸೆಪ್ಟೆಂಬರ್ 10ರಂದು ಅಲ್ಲಿ ಯುದ್ಧ ನಡೆಯಿತು. ಒಂದು ಕಡೆ ಹೈದರ್ ಅಲಿ ಮತ್ತು ಅವನ ಮಗ ಟಿಪ್ಪು. ಇನ್ನೊಂದು ಕಡೆ ಇಂಗ್ಲಿಷ್ ಕಂಪನಿಯ ಸೈನ್ಯ. ಅದರ ನಾಯಕ ಕರ್ನಲ್ ಬೈಲಿ. ಕಂಪನಿಯ ಮದ್ದಿನ ಬಂಡಿಗೆ ಬೆಂಕಿ ಬಿದ್ದು ಸಿಡಿಯಿತು. ಕಂಪನಿ ಸೋತಿತು. ಬೈಲಿ ಸೆರೆ ಸಿಕ್ಕನು.

ಈಗ ಚಿತ್ರ ನೋಡೋಣ. ಟಿಪ್ಪುವಿನ ಕೈಯಲ್ಲಿ ಗುಲಾಬಿ ಹೂವು. ಕಂಪನಿ ಸಿಪಾಯಿಗಳ ನಡುವೆ ಪಲ್ಲಕ್ಕಿಯಲ್ಲಿ ಬೈಲಿ. ಮದ್ದಿನ ಬಂಡಿ ಸಿಡಿಯುತ್ತಿದೆ. ಕುದುರೆಗಳು ನುಗ್ಗುತ್ತಿವೆ. ಅವುಗಳ ಕಾಲಡಿ ಸಿಪಾಯಿಗಳು ಸತ್ತು ಬಿದ್ದಿದ್ದಾರೆ. ಕೆಲವರ ತಲೆಯೇ ಇಲ್ಲ.

ಕುರುಂದವಾಡದ ನಮ್ಮ ಕಲಿಕಾ ಕೇಂದ್ರದಲ್ಲಿ ಈ ಚಿತ್ರದ ಫೋಟೊ ತೋರಿಸಿದೆ. ಒಬ್ಬ ಅಜ್ಜಿ ಸತ್ತವರ ಮೇಲೆ ಬೆರಳಿಟ್ಟು ಕೇಳಿದರು: “ಅಕ್ಕಾರ, ಇವರ ಹೆಸರ ಏನ್ರಿ? ಇವರಿಗೂ ಅವ್ವ ಇದ್ದಿರಬೇಕಲ್ರಿ?”

ಅಜ್ಜಿ ಕೇಳಿದ್ದು ಸರಿ. ಬೈಲಿಯ ಸೈನ್ಯದಲ್ಲಿ ಸುಮಾರು 3,800 ಜನ ಇದ್ದರು. ಹೆಚ್ಚಿನವರು ನಮ್ಮ ದೇಶದ ಸಿಪಾಯಿಗಳೇ. ಹೊಟ್ಟೆಪಾಡಿಗೆ ಕಂಪನಿ ಸೇರಿದವರು. ಹೈದರನ ಕಡೆಯೂ ಜನ ಸತ್ತರು. ಚಿತ್ರದಲ್ಲಿ ಅವರಿಗೆ ಹೆಸರಿಲ್ಲ. ಬೈಲಿ 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತನು. 1816ರಲ್ಲಿ ಅಲ್ಲಿ ಅವನಿಗೆ ಸ್ಮಾರಕ ಕಟ್ಟಿದರು. ಅವನ ಹೆಸರು ಕಲ್ಲಿನಲ್ಲಿ ಉಳಿಯಿತು.

ಇನ್ನೊಂದು ಮಾತು. ಈ ಚಿತ್ರ ಬರೆಸಿದವರು ಗೆದ್ದವರು. ಅದಕ್ಕೇ ಗೆದ್ದವರು ಅಲ್ಲಿ ದೊಡ್ಡದಾಗಿ ಕಾಣುತ್ತಾರೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರು ಇದಕ್ಕೆ ಮತ್ತೆ ಬಣ್ಣ ಹಚ್ಚಿಸಿದರು. ಆದ್ದರಿಂದ ಯಾವುದೇ ಚಿತ್ರ ನೋಡಿದರೂ ಕೇಳಬೇಕು: ಬರೆಸಿದವರು ಯಾರು? ಬಿಟ್ಟುಹೋದವರು ಯಾರು?

ನಮ್ಮ ಕೊಲ್ಲಾಪುರ ಜಿಲ್ಲೆಯ ಹಳ್ಳಿಗಳಲ್ಲಿ ವೀರಗಲ್ಲು ಇವೆ. ಗುಡಿಯ ಮುಂದೆ ನೀವು ನೋಡಿರಬಹುದು. ಕೆಳಗೆ ಕಾದಾಟ. ನಡುವೆ ದೇವಕನ್ಯೆಯರು ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕುಳಿತಿರುತ್ತಾನೆ. ಇಲ್ಲಿ ದೊಡ್ಡವನು ಅರಸನಲ್ಲ, ಸತ್ತವನು. ವೀರಗಲ್ಲುಗಳಲ್ಲಿ ಕೆಲವಕ್ಕೆ ಬರಹವೂ ಇರುತ್ತದೆ. ಆ ಬರಹದಿಂದ ನೂರಾರು ವರ್ಷದ ಹಿಂದೆ ಸತ್ತವನ ಹೆಸರು ಇಂದಿಗೂ ಗೊತ್ತಾಗುತ್ತದೆ.

ಮಾಡಿ ನೋಡಿ: ನಿಮ್ಮ ಊರಿನಿಂದ ಸೈನ್ಯಕ್ಕೆ ಹೋದವರು ಯಾರು? ಹಿರಿಯರನ್ನು ಕೇಳಿ. ಅವರ ಹೆಸರುಗಳನ್ನು ನಿಮ್ಮ ಕೈಯಾರೆ ಬರೆದಿಡಿ.