ಕನ್ನಡಿಯ ಮುಂದಣ ಅಣು: ಪ್ರತಿದೀಪ್ತಿಯ ಇತಿಹಾಸದ ಒಂದು ಪ್ರಕರಣ

ಕ್ವಿನೈನ್ ಬೆರೆತ ದ್ರಾವಣವು ಬಿಸಿಲಿನಲ್ಲಿ ನೀಲಿಯಾಗಿ ಹೊಳೆಯುವುದೇಕೆ ಎಂಬುದನ್ನು ಕೇಂಬ್ರಿಜ್ಜಿನ ಜಾರ್ಜ್ ಸ್ಟೋಕ್ಸನು 1852ರಲ್ಲಿ ವಿವರಿಸಿದನು. ಕಣ್ಣಿಗೆ ಕಾಣದ ಅತಿನೇರಿಳೆ ಬೆಳಕನ್ನು ಹೀರಿಕೊಂಡ ವಸ್ತುವು ಅದಕ್ಕಿಂತ ಹೆಚ್ಚಿನ ತರಂಗದೂರದ ಬೆಳಕನ್ನು ತಾನೇ ಹೊರಸೂಸುತ್ತದೆ. ಇದೇ ಪ್ರತಿದೀಪ್ತಿ. ಹೀರಿದ ಶಕ್ತಿಯನ್ನು ಅಣುವು ಸ್ವಲ್ಪಕಾಲ ತನ್ನಲ್ಲಿ ಇರಿಸಿಕೊಂಡು, ಬಳಿಕ ಬಿಟ್ಟುಕೊಡುತ್ತದೆ. ಆ ಉದ್ರಿಕ್ತ ಸ್ಥಿತಿಯ ಸರಾಸರಿ ಅವಧಿಗೆ ಆಯುಷ್ಯವೆಂದು ಹೆಸರು. ಸಾಮಾನ್ಯ ವರ್ಣದ್ರವ್ಯಗಳಲ್ಲಿ ಅದು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಕೆಲವು ಭಾಗಗಳಷ್ಟು ಮಾತ್ರ.

ಈ ಆಯುಷ್ಯವು ಅಣುವಿನ ಸ್ವಂತ ಗುಣವೆಂದು ಭಾವಿಸುವುದು ಸಹಜ. ಕೋಷ್ಟಕಗಳಲ್ಲಿ ಅಣುವಿನ ಹೆಸರಿನೆದುರು ಒಂದು ಅಂಕಿಯನ್ನು ಬರೆದಿಡುವ ವಾಡಿಕೆಯೂ ಈ ಭಾವನೆಗೆ ಪುಷ್ಟಿ ಕೊಡುತ್ತದೆ. ಇತಿಹಾಸವನ್ನು ಬೋಧಿಸುವ ನಾವು ಭೌತಶಾಸ್ತ್ರದ ಅಂಗಳಕ್ಕೆ ಕಾಲಿಡುವುದು ಸಾಹಸವೇ ಸರಿ. ಆದರೆ ವ್ಯಕ್ತಿಯದೆಂದು ದಾಖಲಾದ ಗುಣವು ವಿಚಾರಣೆಯಲ್ಲಿ ನೆರೆಹೊರೆಯದೂ ಹೌದೆಂದು ಹೊರಬೀಳುವುದು ನಮ್ಮ ಶಾಸ್ತ್ರದಲ್ಲಿ ಅಪರೂಪವಲ್ಲ. ಆ ಕಾರಣದಿಂದಲೇ ಈ ಪ್ರಕರಣವು ನಮ್ಮ ಗಮನವನ್ನು ಸೆಳೆಯಿತು.

ಮೊದಲ ಸೂಚನೆ ದೊರೆತದ್ದು ಬೆಳಕಿನ ಕ್ಷೇತ್ರದಲ್ಲಲ್ಲ, ರೇಡಿಯೋ ತರಂಗಗಳ ಕ್ಷೇತ್ರದಲ್ಲಿ. 1946ರಲ್ಲಿ ಅಮೆರಿಕದ ಎಡ್ವರ್ಡ್ ಪರ್ಸೆಲ್ಲನು ಬಹು ಚಿಕ್ಕದೊಂದು ಟಿಪ್ಪಣಿಯನ್ನು ಪ್ರಕಟಿಸಿದನು. ಸೆಕೆಂಡಿಗೆ ಒಂದು ಕೋಟಿ ಕಂಪನಗಳ ತರಂಗವನ್ನು ಸೂಸುವ ಪರಮಾಣು ಬೀಜವು ತೆರವಾದ ಅವಕಾಶದಲ್ಲಿದ್ದರೆ, ಕೇವಲ ಸ್ವಯಂ ವಿಕಿರಣದಿಂದ ಶಾಂತಸ್ಥಿತಿಗೆ ಬರಲು ಐದರ ಮುಂದೆ ಇಪ್ಪತ್ತೊಂದು ಸೊನ್ನೆಗಳನ್ನಿಟ್ಟಷ್ಟು ಸೆಕೆಂಡುಗಳು ಬೇಕು. ಅದೇ ಪದಾರ್ಥದಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ವ್ಯಾಸದ ಲೋಹದ ಕಣಗಳನ್ನು ಬೆರೆಸಿದರೆ ಕೆಲವು ನಿಮಿಷಗಳೇ ಸಾಕೆಂದು ಅವನ ಲೆಕ್ಕ ತೋರಿಸಿತು.

ಬೆಳಕಿನ ಕ್ಷೇತ್ರದಲ್ಲಿ ಇದನ್ನು ಕಣ್ಣಾರೆ ತೋರಿಸಿದ ಕೀರ್ತಿ ಜರ್ಮನಿಯ ಮಾರ್ಬುರ್ಗ್ ನಗರದಲ್ಲಿದ್ದ ಹಾನ್ಸ್ ಕೂನನ ಪ್ರಯೋಗಶಾಲೆಗೆ, ವಿಶೇಷವಾಗಿ ಅಲ್ಲಿನ ಕಾರ್ಲ್ ಹೈಂಟ್ಸ್ ಡ್ರೆಕ್ಸ್‌ಹಾಗೆಗೆ ಸಲ್ಲಬೇಕು. ಪರ್ಸೆಲ್ಲನ ಹೆಸರು ಒಂದು ಪರಿಣಾಮಕ್ಕೇ ಅಂಟಿಕೊಂಡಿದೆ. 1960ರ ದಶಕದ ಈ ಪ್ರಯೋಗಗಳಿಗೆ ಅಷ್ಟು ಪ್ರಸಿದ್ಧಿ ದೊರೆಯದಿರುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಅವರ ವಿಧಾನ ಸರಳವಾದುದು. ನೀರಿನ ಮೇಲೆ ಹರಡಿದ ಕೊಬ್ಬಿನಾಮ್ಲವು ಒಂದೇ ಅಣುವಿನ ದಪ್ಪದ ಪೊರೆಯಾಗಿ ನಿಲ್ಲುತ್ತದೆ. ಕನ್ನಡಿಯ ತಟ್ಟೆಯನ್ನು ಅದರೊಳಗೆ ಅದ್ದಿ ಎತ್ತಿದಂತೆಲ್ಲ ಪೊರೆಯ ಮೇಲೆ ಪೊರೆ ಕೂಡುತ್ತದೆ. ಲ್ಯಾಂಗ್ಮ್ಯೂರ್ ಮತ್ತು ಕ್ಯಾಥರೀನ್ ಬ್ಲಾಜೆಟ್ ರೂಪಿಸಿದ ಈ ಕಲೆಯಲ್ಲಿ ಒಂದೊಂದು ಪೊರೆಯ ದಪ್ಪ ಸುಮಾರು 2.6 ನ್ಯಾನೋಮೀಟರು, ಪೊರೆಗಳನ್ನು ಎಣಿಸಿದರೆ ದೂರವನ್ನು ಅಳೆದಂತೆಯೇ. ಎಲ್ಲಕ್ಕೂ ಮೇಲೆ ಯುರೋಪಿಯಂ ಸಂಯುಕ್ತದ ಒಂದು ಪೊರೆ. ಅದು ಸೂಸುವ ಕೆಂಪು ಬೆಳಕಿನ ತರಂಗದೂರ ಸುಮಾರು 612 ನ್ಯಾನೋಮೀಟರು. ಆಯುಷ್ಯ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ವರ್ಣದ್ರವ್ಯಗಳಿಗೆ ಹೋಲಿಸಿದರೆ ಇದು ದೀರ್ಘಾಯುಷ್ಯವಾದುದರಿಂದ ಅಳತೆಯೂ ಸುಲಭವಾಯಿತು.

ಕನ್ನಡಿಯಿಂದ ದೂರ ಹೆಚ್ಚಿದಂತೆ ಆಯುಷ್ಯವು ಏರಿತು, ಇಳಿಯಿತು, ಮತ್ತೆ ಏರಿತು. ಅಣುವನ್ನು ಒಂದು ಪುಟ್ಟ ಆಕಾಶವಾಣಿ ಗೋಪುರವೆಂದು ಭಾವಿಸಿದರೆ ಕಾರಣವು ತಿಳಿಯುತ್ತದೆ. ಅದು ಸೂಸಿದ ತರಂಗವು ಕನ್ನಡಿಯಿಂದ ಹಿಂದಿರುಗಿ ಅದನ್ನೇ ತಾಕುತ್ತದೆ. ತೂಗುಯ್ಯಾಲೆಯನ್ನು ಸಮಯವರಿತು ತಳ್ಳಿದರೆ ಜೀಕು ಬಲಿಯುವಂತೆ, ಸಮಯ ತಪ್ಪಿ ತಳ್ಳಿದರೆ ಕುಗ್ಗುವಂತೆ, ಹಿಂದಿರುಗಿದ ತರಂಗವು ಲಯಕ್ಕೆ ಹೊಂದಿದರೆ ವಿಕಿರಣವು ತ್ವರೆಗೊಳ್ಳುತ್ತದೆ, ಹೊಂದದಿದ್ದರೆ ತಡವಾಗುತ್ತದೆ. ಪೊರೆಯೊಳಗೆ ಅರ್ಧ ತರಂಗದೂರವು ಸುಮಾರು 200 ನ್ಯಾನೋಮೀಟರು; ಏರಿಳಿತದ ಒಂದು ಆವರ್ತವೂ ಹೆಚ್ಚು ಕಡಿಮೆ ಅಷ್ಟೇ.

ಲೋಹಕ್ಕೆ ತೀರ ಸಮೀಪದಲ್ಲಿ ಸಂಗತಿಯೇ ಬೇರೆ. ಅಲ್ಲಿ ಅಣುವಿನ ಶಕ್ತಿಯು ಬೆಳಕಾಗಿ ಹೊರಡುವ ಮೊದಲೇ ಲೋಹದ ಎಲೆಕ್ಟ್ರಾನುಗಳ ಪಾಲಾಗಿ, ಬಹುಪಾಲು ಶಾಖವಾಗಿ ಹೋಗುತ್ತದೆ. ಆಯುಷ್ಯವು ಬಹಳ ಕುಗ್ಗುತ್ತದೆ, ಹೊಳಪೂ ನಂದುತ್ತದೆ. ಆಯುಷ್ಯ ಕಡಿಮೆಯಾದರೆ ಬೆಳಕು ಹೆಚ್ಚಿತೆಂದು ವಿದ್ಯಾರ್ಥಿಗಳು ಅವಸರದಿಂದ ತೀರ್ಮಾನಿಸಬಾರದು. 1978ರಲ್ಲಿ ಚಾನ್ಸ್, ಪ್ರಾಕ್ ಮತ್ತು ಸಿಲ್ಬಿ ಎಂಬ ಮೂವರು ವಿಕಿರಣ ಹಾಗೂ ಈ ನಷ್ಟ ಎರಡನ್ನೂ ಒಂದೇ ಗಣಿತದಲ್ಲಿ ಅಡಕಗೊಳಿಸಿದರು. 2006ರಲ್ಲಿ ಒಂಟಿ ಅಣುವಿನ ಬಳಿಗೆ ಚಿನ್ನದ ಸೂಕ್ಷ್ಮ ಗೋಲವನ್ನು ತಂದು ನೋಡಿದಾಗ ಹೊಳಪು ಮೊದಲು ಹೆಚ್ಚಿ, ಕೊನೆಯ ಕೆಲವೇ ನ್ಯಾನೋಮೀಟರುಗಳಲ್ಲಿ ಥಟ್ಟನೆ ಕುಸಿದುದು ಕಂಡುಬಂದಿತು.

ಈ ನಷ್ಟವನ್ನೇ ಅಳತೆಗೋಲಾಗಿ ಮಾಡಿಕೊಂಡವರೂ ಉಂಟು. 2014ರಲ್ಲಿ ಗಟಿಂಗೆನ್ನಿನ ಸಂಶೋಧಕರು ಚಿನ್ನದ ತೆಳುಲೇಪದ ಗಾಜಿನ ಮೇಲೆ ಜೀವಂತ ಕೋಶಗಳನ್ನು ಬೆಳೆಸಿ, ಕೋಶಪೊರೆಗೆ ಹಚ್ಚಿದ ವರ್ಣದ್ರವ್ಯದ ಆಯುಷ್ಯದಿಂದ ಆ ಪೊರೆಯು ಚಿನ್ನದಿಂದ ಎಷ್ಟು ಎತ್ತರದಲ್ಲಿದೆಯೆಂದು ಕೆಲವೇ ನ್ಯಾನೋಮೀಟರುಗಳ ನಿಖರತೆಯಿಂದ ಕಂಡುಹಿಡಿದರು. ಸುಮಾರು 100 ನ್ಯಾನೋಮೀಟರುಗಳೊಳಗೆ ಈ ಲೆಕ್ಕ ನಂಬತಕ್ಕದ್ದು. ಅದಕ್ಕಿಂತ ಬಹಳ ದೂರ ಹೋದರೆ ಮಾರ್ಬುರ್ಗಿನ ಏರಿಳಿತವು ಆರಂಭವಾಗಿ, ಒಂದೇ ಆಯುಷ್ಯವು ಎರಡು ಮೂರು ದೂರಗಳಿಗೆ ಸಾಕ್ಷಿ ನುಡಿಯತೊಡಗುತ್ತದೆ.