ಹಠಾತ್ತನೆ ಆಫ್ ಆಗುವ ಕಂಪ್ಯೂಟರ್: ದೋಷ ಇರುವುದೆಲ್ಲಿ?

ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರವಾದ ಬೆಟ್ಟದಪುರದಂಥ ಊರುಗಳಲ್ಲಿ ಕಂಪ್ಯೂಟರ್ ಈಗ ಕಚೇರಿಯ ಅಲಂಕಾರವಲ್ಲ. 2000ರ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಪಹಣಿಗಳು ಗಣಕೀಕೃತವಾದ ಮೇಲೆ, ರೈತನ ಜಮೀನಿನ ದಾಖಲೆಯಿಂದ ಹಿಡಿದು ಮಕ್ಕಳ ಜಾತಿ ಮತ್ತು ಆದಾಯ ಪ್ರಮಾಣಪತ್ರದವರೆಗೆ ಎಲ್ಲವೂ ಯಾವುದಾದರೊಂದು ಮೇಜಿನ ಮೇಲಿನ ಕಂಪ್ಯೂಟರನ್ನು ಹಾದೇ ಬರಬೇಕು. ಆ ಯಂತ್ರ ಅರ್ಜಿ ತುಂಬುವ ನಡುವೆಯೇ ಆಫ್ ಆದರೆ ಸರದಿಯಲ್ಲಿ ನಿಂತವರ ಅರ್ಧ ದಿನದ ಕೂಲಿ ಹೋಗುತ್ತದೆ. ಹೀಗಾದಾಗ ಸಾಮಾನ್ಯವಾಗಿ ಮೊದಲು ಬದಲಾಗುವುದು ಎಸ್‌ಎಂಪಿಎಸ್, ಅಂದರೆ ಗೋಡೆಯಿಂದ ಬರುವ ವಿದ್ಯುತ್ತನ್ನು ಯಂತ್ರಕ್ಕೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿಕೊಡುವ ಡಬ್ಬ. ಅದೂ ಫಲ ಕೊಡದಿದ್ದರೆ ಮದರ್‌ಬೋರ್ಡ್. ಈ ಕ್ರಮ ತಲೆಕೆಳಗಾದದ್ದು. ಪರೀಕ್ಷೆ ಗೋಡೆಯಿಂದ ಆರಂಭವಾಗಿ ಒಳಕ್ಕೆ ಸಾಗಬೇಕು, ಮತ್ತು ಬಿಡಿಭಾಗ ಕೊಳ್ಳುವುದು ಅದರ ಕಟ್ಟಕಡೆಯ ಹೆಜ್ಜೆಯಾಗಬೇಕು.

ಯಂತ್ರಕ್ಕೆ ವಿದ್ಯುತ್ ತಪ್ಪಿತೇ, ಅಥವಾ ಯಂತ್ರವೇ ಆಜ್ಞೆಯಂತೆ ಮುಚ್ಚಿಕೊಂಡಿತೇ ಎಂಬುದು ಮೊದಲು ತಿಳಿಯಬೇಕಾದ ಸಂಗತಿ. ವಿಂಡೋಸ್ ತನ್ನೊಳಗೆ ನಡೆದ ಮುಖ್ಯ ಸಂಗತಿಗಳನ್ನು ದಿನಚರಿಯಂತೆ ಬರೆದಿಡುತ್ತದೆ; ಅದನ್ನು ‘ಈವೆಂಟ್ ವ್ಯೂವರ್’ನಲ್ಲಿ ನೋಡಬಹುದು. ಅದರಲ್ಲಿ 1074 ಎಂಬ ಸಂಖ್ಯೆ ಕಂಡರೆ ಬಳಕೆದಾರನೋ ಯಾವುದೋ ತಂತ್ರಾಂಶವೋ ಮುಚ್ಚಲು ಹೇಳಿದೆ ಎಂದರ್ಥ. 41 ಅಥವಾ 6008 ಕಂಡರೆ ಯಂತ್ರ ಕ್ರಮಬದ್ಧವಾಗಿ ಮುಚ್ಚಿಕೊಂಡಿಲ್ಲ ಎಂದಷ್ಟೇ ಅರ್ಥ. 41 ಎಂಬ ಸಂಖ್ಯೆಯನ್ನೇ ಸಾಕ್ಷಿಯಾಗಿಟ್ಟುಕೊಂಡು ಎಸ್‌ಎಂಪಿಎಸ್ ಕೆಟ್ಟಿದೆಯೆಂದು ತೀರ್ಮಾನಿಸುವುದು ತಪ್ಪು, ಏಕೆಂದರೆ ಕರೆಂಟ್ ಹೋದರೂ ಯಂತ್ರ ಸ್ತಬ್ಧಗೊಂಡು ಯಾರಾದರೂ ಗುಂಡಿ ಒತ್ತಿಹಿಡಿದರೂ ಅಲ್ಲಿ ಬೀಳುವುದು ಅದೇ ಸಂಖ್ಯೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಯ ಸೀಮೆಯಲ್ಲಿ ಗೋಡೆಯ ಆಚೆಗಿನ ಕಾರಣಗಳಿಗೆ ವಿಶೇಷ ಗಮನ ಕೊಡಬೇಕು. ಮನೆಗೆ ಬರಬೇಕಾದ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. ಆದರೆ ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಪಂಪ್‌ಸೆಟ್ಟುಗಳೂ ಹಿಟ್ಟಿನ ಗಿರಣಿಯೂ ಇದ್ದಲ್ಲಿ ಮೋಟಾರು ಶುರುವಾದ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಇದನ್ನು ತಡೆಯಲೆಂದೇ ಯುಪಿಎಸ್ ಇರುವುದಾದರೂ ಅದರೊಳಗಿನ 12 ವೋಲ್ಟಿನ ಚಿಕ್ಕ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ. ಕೆಲಸವನ್ನೆಲ್ಲ ಸೇವ್ ಮಾಡಿಕೊಂಡು ಯುಪಿಎಸ್‌ಗೆ ಬರುವ ಸ್ವಿಚ್ ಆರಿಸಿ, ಎಷ್ಟು ನಿಮಿಷ ತಡೆದೀತೆಂದು ನೋಡಿದರೆ ಬ್ಯಾಟರಿಯ ಸ್ಥಿತಿ ಗೊತ್ತಾಗುತ್ತದೆ.

ಈ ಪರೀಕ್ಷೆಯಲ್ಲಿ ಮಾನಿಟರ್ ಉರಿಯುತ್ತಲೇ ಇದ್ದು ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆದರೆ ಅದು ಅತ್ಯಂತ ಬೆಲೆಬಾಳುವ ಸುಳಿವು. ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ತನ್ನ ಕೆಪಾಸಿಟರುಗಳಲ್ಲಿ, ಅಂದರೆ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಘಟಕಗಳಲ್ಲಿ, ಕೂಡಿಟ್ಟುಕೊಂಡದ್ದರಿಂದ ಸುಮಾರು 16 ಮಿಲಿಸೆಕೆಂಡ್ ತಡೆಯುತ್ತದೆ. ಕೆಪಾಸಿಟರುಗಳು ಮುಪ್ಪಾದಾಗ ಆ ಅವಧಿ ಕುಗ್ಗಿ, ಯುಪಿಎಸ್ ಸರಿಯಿದ್ದರೂ ಯಂತ್ರ ಬೀಳುತ್ತದೆ. ಮದರ್‌ಬೋರ್ಡಿನ ಮೇಲಿನ ಕೆಪಾಸಿಟರುಗಳನ್ನು ಕಣ್ಣಿನಿಂದಲೇ ಪರೀಕ್ಷಿಸಬಹುದು: ನೆಟ್ಟಗೆ ನಿಂತ ಆ ಸಣ್ಣ ಉರುಳೆಗಳ ತಲೆ ಚಪ್ಪಟೆಯಾಗಿರಬೇಕು, ಅದರ ಮೇಲಿನ ಅಡ್ಡಗೀರುಗಳು ಉಬ್ಬಿ, ಬಿರುಕಿನಲ್ಲಿ ಕಂದು ಬಣ್ಣದ ಹೊಪ್ಪಳೆ ಕಟ್ಟಿದ್ದರೆ ಆ ಭಾಗದ ಆಯುಷ್ಯ ಮುಗಿದಿದೆ.

ಆನ್ ಆಗಿ ಹತ್ತಿಪ್ಪತ್ತು ನಿಮಿಷ ನಡೆದು ನಿಲ್ಲುವ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ನಡೆಯುವ ಯಂತ್ರದಲ್ಲಿ ಕಾರಣ ಬಹುಮಟ್ಟಿಗೆ ಶಾಖ. ಪ್ರೊಸೆಸರ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೊದಲು ನಿಧಾನವಾಗಿ, ಆಮೇಲೂ ತಣಿಯದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಯಂತ್ರವನ್ನೇ ಆಫ್ ಮಾಡಿಸುತ್ತದೆ. ಕೆಮ್ಮಣ್ಣಿನ ಸೀಮೆಯಲ್ಲಿ ರಸ್ತೆ ಬದಿಯ ಅಂಗಡಿಯ ಕಂಪ್ಯೂಟರನ್ನು ಬಿಚ್ಚಿದರೆ, ಪ್ರೊಸೆಸರಿನ ಮೇಲಿನ ಲೋಹದ ರೆಕ್ಕೆಗಳ ಸಂದಿನಲ್ಲಿ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿರುತ್ತದೆ. ಆ ರೆಕ್ಕೆಗಳ ಕೆಳಗೆ ಶಾಖ ದಾಟಿಸಲು ಹಚ್ಚಿದ್ದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಂತೆ ಉದುರುತ್ತದೆ. ಪ್ಲಗ್ ಕಿತ್ತು, ಮೃದುವಾದ ಬ್ರಷ್‌ನಿಂದ ಧೂಳು ತೆಗೆದು ಹೊಸ ಪೇಸ್ಟ್ ಹಚ್ಚಿದರೆ ಎಷ್ಟೋ ಯಂತ್ರಗಳು ಒಂದೂ ಬಿಡಿಭಾಗವಿಲ್ಲದೆ ಸರಿಹೋಗುತ್ತವೆ.

ಇಷ್ಟೆಲ್ಲ ನೋಡಿಯೂ ದೋಷ ಉಳಿದರೆ ಆಗ ಎಸ್‌ಎಂಪಿಎಸ್‌ನ ಸರದಿ. ಮಲ್ಟಿಮೀಟರಿನಲ್ಲಿ ಹಳದಿ ತಂತಿ 11.4ರಿಂದ 12.6, ಕೆಂಪು ತಂತಿ 4.75ರಿಂದ 5.25 ವೋಲ್ಟಿನೊಳಗೆ ಇರಬೇಕು, ಅದೂ ಯಂತ್ರ ಕೆಲಸ ಮಾಡುತ್ತಿರುವಾಗ. ಹಸಿರು ಮತ್ತು ಕಪ್ಪು ತಂತಿ ಜೋಡಿಸಿ ಫ್ಯಾನ್ ತಿರುಗಿತೆಂದ ಮಾತ್ರಕ್ಕೆ ಡಬ್ಬ ಸರಿಯಿದೆಯೆನ್ನಲಾಗದು. ಆನ್ ಆದ ಒಂದೆರಡು ಸೆಕೆಂಡಿನಲ್ಲೇ ನಿಲ್ಲುವ ಯಂತ್ರದಲ್ಲಿ ರ‍್ಯಾಮ್ ಅನ್ನೂ ಪ್ರೊಸೆಸರಿಗೆ ಹೋಗುವ ಪ್ರತ್ಯೇಕ ತಂತಿಯನ್ನೂ ಬಿಚ್ಚಿ ಮತ್ತೆ ಕೂರಿಸಿ ನೋಡಬೇಕು. ಇದಕ್ಕೆ ವ್ಯತಿರಿಕ್ತವಾಗಿ, ಶಟ್‌ಡೌನ್ ಕೊಟ್ಟರೂ ಆಫ್ ಆಗದಿರುವುದು ಹೆಚ್ಚಾಗಿ ತಂತ್ರಾಂಶದ ತೊಡಕು. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ತೆಗೆದು ಡ್ರೈವರುಗಳನ್ನು ನವೀಕರಿಸಿದರೆ ಹಲವು ಸಲ ಪರಿಹಾರವಾಗುತ್ತದೆ. ಗುಂಡಿಯನ್ನು ನಾಲ್ಕೈದು ಸೆಕೆಂಡ್ ಒತ್ತಿಹಿಡಿದು ಆರಿಸುವುದು ಬೇರೆ ದಾರಿಯಿಲ್ಲದಾಗಿನ ಉಪಾಯವೇ ಹೊರತು ದಿನದ ಅಭ್ಯಾಸವಾಗಬಾರದು.

ಬೆಟ್ಟದಪುರದ ಬೆಟ್ಟದ ಮೇಲಿನ ದೇವರಿಗೆ ಸಿಡಿಲು ಮಲ್ಲಿಕಾರ್ಜುನನೆಂದೇ ಹೆಸರು; ಮುಂಗಾರಿಗೆ ಮುಂಚಿನ ಗುಡುಗು ಮಳೆಯ ಪರಿಚಯ ಇಲ್ಲಿನವರಿಗೆ ಯಾರೂ ಮಾಡಿಕೊಡಬೇಕಿಲ್ಲ. ಸಮೀಪದಲ್ಲೆಲ್ಲೋ ಬಿದ್ದ ಸಿಡಿಲಿನ ಹೊಡೆತ ವಿದ್ಯುತ್ ತಂತಿಯಿಂದಷ್ಟೇ ಅಲ್ಲದೆ ಇಂಟರ್ನೆಟ್ ಕೇಬಲ್ಲಿನ ಮೂಲಕವೂ ಒಳಬರಬಲ್ಲದು; ಸ್ವಿಚ್ ಆರಿಸಿದರೆ ಸಾಲದು, ಗುಡುಗು ಸಮೀಪಿಸುವ ಮೊದಲೇ ಎರಡನ್ನೂ ಕಿತ್ತಿಡಬೇಕು. ಸರ್ಜ್ ರಕ್ಷಕವುಳ್ಳ ಪ್ಲಗ್ ಪಟ್ಟಿ ಹಾಕಿದ್ದರೂ ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದರ ಪ್ರಯೋಜನ ಬಹಳ ಕಡಿಮೆ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುವುದು ಅರ್ಥಿಂಗ್ ತಪ್ಪಿರುವ ಲಕ್ಷಣ; ಅದನ್ನು ಬಲ್ಲ ಎಲೆಕ್ಟ್ರಿಷಿಯನ್ನಿಗೆ ತೋರಿಸದೆ ಹೊಸ ಯಂತ್ರ ತಂದಿಟ್ಟರೆ ಅದಕ್ಕೂ ಅದೇ ಗತಿ.

ರಿಪೇರಿಗೆ ಒಯ್ಯುವ ಮುನ್ನ ಯಂತ್ರ ನಿಂತ ಹೊತ್ತು, ಆಗ ಮಾಡುತ್ತಿದ್ದ ಕೆಲಸ, ಮನೆಯ ದೀಪ ಮಂಕಾಯಿತೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಮನೆಯಲ್ಲಿ ಎಂದಿಗೂ ಬಿಚ್ಚಬೇಡಿ, ಅದರೊಳಗೆ ಪ್ಲಗ್ ಕಿತ್ತ ನಂತರವೂ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.